ಬಳ್ಳಾರಿ ಕೋಚಿಂಗ್ ಸೆಂಟರ್ ರಿವ್ಯೂ: ಶನಿವಾರದ ಡಿಬೇಟ್ ಸೂಪರ್, ಟೆಸ್ಟ್ ಆ್ಯಪ್ ದೇವರಿಗೇ ಪ್ರೀತಿ

ನಾಲ್ಕು ಸ್ಟಾರ್ ಕೊಟ್ಟೀನಿ, ಐದನೇದು ಯಾಕ ಇಲ್ಲ ಅನ್ನೋದು ಕೆಳಗ ಐತಿ. ಟೈಮ್ ಇಲ್ದೋರಿಗೆ ಮೊದ್ಲ ಹೇಳಿಬಿಡ್ತೀನಿ, ಪಾಲಿಟಿ (ಸಂವಿಧಾನ, ಆಡಳಿತದ ವಿಷಯ) ಮತ್ತ ಇತಿಹಾಸಕ್ಕ ಕಣ್ಣು ಮುಚ್ಚಿ ಸೇರ್ರಿ, ಮೆಂಟಲ್ ಎಬಿಲಿಟಿಗೆ ಬ್ಯಾರೆ ಕಡೆ ನೋಡ್ಕೊಳ್ರಿ.

ಬಳ್ಳಾರಿಯಾಗ ಕೋಚಿಂಗ್ ಸೆಂಟರ್‌ಗೇನ್ ಬರ ಇಲ್ಲ. ರಾಯಲ್ ಸರ್ಕಲ್‌ನಿಂದ ಯಾವ ದಿಕ್ಕಿಗೆ ಹೊಂಟ್ರೂ ಕೆಎಎಸ್, ಪಿಎಸ್‌ಐ, ಪಿಡಿಒ, ಎಫ್‌ಡಿಎ ಅಂತ ಸರ್ಕಾರಿ ನೌಕರಿ ಪರೀಕ್ಷೆಗಳ ಫ್ಲೆಕ್ಸ್ ಕಾಣ್ತಾವ, ಫ್ಲೆಕ್ಸ್ ಮ್ಯಾಲೆ ಪಾಸಾದೋರ ಫೋಟೋ, ಅದೇ ಹುಡುಗನ ಅದೇ ಫೋಟೋ ಎದುರಿನ ಸೆಂಟರ್ ಫ್ಲೆಕ್ಸ್ ಮ್ಯಾಲೂ ಇರ್ತೈತಿ. ನಾನು ಸಿರುಗುಪ್ಪ ಕಡಿಂದ ಬಸ್ಸಿಗೆ ಬಂದು ಹೋಗೋನು, ಬಸ್ ಸ್ಟ್ಯಾಂಡಿಂದ ನಡಕೊಂಡು ಹೋಗುವಷ್ಟು ಹತ್ರ ಐತಿ ಅಂತ ಇಲ್ಲಿ ಸೇರಿದ್ದು, ಬ್ಯಾರೆ ದೊಡ್ಡ ಕಾರಣ ಏನಿಲ್ಲ. ಬ್ಯಾಚ್‌ನಾಗ ಬಳ್ಳಾರಿಯೋರಿಗಿಂತ ರಾಯಚೂರು, ಕೊಪ್ಪಳದ ಹುಡುಗರ ಜಾಸ್ತಿ, ಎಲ್ಲಾರ ಫೈಲ್‌ನಾಗೂ ಕಲ್ಯಾಣ ಕರ್ನಾಟಕದೋರಿಗೆ ಮೀಸಲಾತಿ ಕೊಡೋ 371ಜೆ ಸರ್ಟಿಫಿಕೇಟ್, ಎಲ್ಲಾರ ಬ್ಯಾಗಿನಾಗೂ ನೀರಿನ ದೊಡ್ಡ ಬಾಟ್ಲಿ.

ಇಲ್ಲಿ ಬ್ಯಾರೆ ಕಡೆ ಸಿಗದ ಐಟಮ್ ಅಂದ್ರ ಶನಿವಾರ ಮಧ್ಯಾಹ್ನದ ಡಿಬೇಟ್ ಕ್ಲಾಸ್. ಪಾಲಿಟಿ ಸರ್ ತಗೋತಾರ. ಉಂಡು ಬಂದು ಎಲ್ಲಾರಿಗೂ ಕಣ್ಣು ಎಳಿಯೋ ಹೊತ್ತು, ಮ್ಯಾಲೆ ಸಿಮೆಂಟ್ ಶೀಟು, ಫ್ಯಾನ್ ತಿರುಗಿದ್ರ ಬಿಸಿ ಗಾಳಿನ ಬರ್ತೈತಿ, ಅಂಥಾ ಹೊತ್ತಿನಾಗ ಒಬ್ರೂ ತೂಕಡಿಸದಂಗ ಕ್ಲಾಸ್ ತಗೊಳ್ಳೋದು ಸಣ್ಣ ಮಾತಲ್ಲ. ನಾ ಇಲ್ಲಿ ಬರಿಯೋದು ಒಂದು ಶನಿವಾರದ ಬಗ್ಗೆ, ಯಾಕಂದ್ರ ಅದೊಂದು ಕ್ಲಾಸಿಗೆ ನಾ ಕಟ್ಟಿದ ಫೀಸ್ ವಸೂಲಿ ಆತು.

ಸರ್ ಬಂದವ್ರ ಬೋರ್ಡ್ ಮ್ಯಾಲೆ ಗೆರಿ ಹೊಡದು ಒಂದು ಕಡೆ 'ರಾಜ ಇರ್ಲಿ', ಇನ್ನೊಂದು ಕಡೆ 'ರಾಜ ಬ್ಯಾಡ' ಅಂತ ಬರದ್ರು. ವಿಷಯ ಏನಂದ್ರ ಬ್ರಿಟನ್, ಆಸ್ಟ್ರೇಲಿಯಾ, ಕೆನಡಾದಂಥ ದೇಶದಾಗ ರಾಜ ಅದಾನ, ಆದ್ರ ಆಳೋದು ಓಟು ಹಾಕಿ ಗೆದ್ದೋರು, ಅಂಥಾ ಕಡೆ ರಾಜನ್ನ ತಗದು ಪೂರ್ತಿ ಗಣರಾಜ್ಯ ಮಾಡಬೇಕೋ ಬ್ಯಾಡೋ. ಇವತ್ತಿಗೂ ಬ್ರಿಟನ್ ಸೇರಿ 15 ದೇಶಕ್ಕ ಮೂರನೇ ಚಾರ್ಲ್ಸ್ ಒಬ್ಬನ ರಾಜ. ಹಿಂದಿನ ಬೆಂಚಿನಿಂದ ಮಾಮೂಲಿ ಪ್ರಶ್ನೆ ಬಂತು, "ಸರ್ ಇದು ಸಿಲಬಸ್‌ನಾಗ ಐತೇನ್ರಿ?" ಸರ್ ಕೇಳಿದ್ದೂ ಕೇಳಿಸದಂಗ ಮಾಡಿದ್ರು.

ರಾಜನ ಕಡೆ ಮಸ್ಕಿ ಹುಡುಗ ಎದ್ದ. ಅವ ಓದ್ಕೊಂಡ ಬಂದಿದ್ದ ಅನಸ್ತೈತಿ. ನಾರ್ವೆ, ಸ್ವೀಡನ್, ಡೆನ್ಮಾರ್ಕ್, ಜಪಾನ್ ಎಲ್ಲಾ ಕಡೆ ಸಿಂಹಾಸನ ಐತಿ, ಅಲ್ಲಿ ಪ್ರಜಾಪ್ರಭುತ್ವಕ್ಕೇನು ಜ್ವರ ಬಂದೈತೇನು ಅಂದ. 1905ರಾಗ ನಾರ್ವೆ ಸ್ವೀಡನ್‌ನಿಂದ ಬ್ಯಾರೆ ಆದಾಗ ಜನಾನ ಓಟು ಹಾಕಿ ನಮ್ಗ ರಾಜ ಇರ್ಲಿ ಅಂದ್ರು, ಸುಮಾರು ಶೇ 79 ಮಂದಿ, ಮುಂದ ಡೆನ್ಮಾರ್ಕಿನ ರಾಜಕುಮಾರನ್ನ ಕರಕೊಂಡು ಬಂದು ಕುಂದರಿಸಿದ್ರು. ಸ್ವೀಡನ್‌ನಾಗಂತೂ 1974ರ ಸಂವಿಧಾನ ಬಂದಮ್ಯಾಲೆ ರಾಜ ಕಾನೂನಿಗೆ ಸಹಿನೂ ಹಾಕಲ್ಲ, ಪ್ರಧಾನಿ ಯಾರಾಗಬೇಕು ಅಂತ ಹೆಸರು ಹೇಳೋದು ಸಂಸತ್ತಿನ ಸ್ಪೀಕರ್. ಏನೂ ಮಾಡದ ರಾಜ ಯಾರಿಗೆ ಏನ್ ತೊಂದ್ರಿ ಕೊಟ್ಟ, ಮ್ಯಾಲಾಗಿ ಅವ ಯಾವ ಪಾರ್ಟಿಯೋನೂ ಅಲ್ಲ, ನಮ್ಮ ರಾಜ್ಯಪಾಲರ ಬಗ್ಗೆ ಹಂಗ ಅನ್ನಾಕ ಬರ್ತೈತೇನು ಅಂತ ಕೇಳಿದ. ಕ್ಲಾಸ್‌ನಾಗ ಓಹೋ ಅಂತ ಸದ್ದಾತು.

ಅದಕ್ಕ ಕಂಪ್ಲಿ ಹುಡುಗಿ ಎದ್ದು ಹೇಳಿದ್ದು ಒಂದ ಮಾತು. "ಅಣ್ಣಾ, ಹುಟ್ಟಿದ ಮನಿ ನೋಡಿ ಪೋಸ್ಟಿಂಗ್ ಕೊಡೋದಾದ್ರ ನಾವ್ಯಾಕ ಈ ಸೆಕಿಯಾಗ ಕುಂತು ಓದಾಕತ್ತೀವಿ?" ಮುಗೀತು. ಸೀಟಿ, ಚಪ್ಪಾಳೆ, ಬೆಂಚು ಬಡದದ್ದು ಕೇಳಿ ಕೆಳಗಿನ ಮೆಡಿಕಲ್ ಶಾಪ್‌ನೋರು ಮ್ಯಾಲೆ ಬಂದು ನೋಡಿ ಹೋದ್ರು. ನಂಗ ಇವತ್ತಿಗೂ ಗಣರಾಜ್ಯದ ಪರ ಇದಕ್ಕಿಂತ ಗಟ್ಟಿ ವಾದ ಸಿಕ್ಕಿಲ್ಲ, ಒಂದು ಎಫ್‌ಡಿಎ ಪೋಸ್ಟಿಗೆ ಸಾವಿರಗಟ್ಟಲೆ ಮಂದಿ ಜೊತಿ ಜಿದ್ದಿಗೆ ಬಿದ್ದು ಓದೋರಿಗೆ ದೇಶದ ಮೊದಲನೇ ಖುರ್ಚಿನ ಪರೀಕ್ಷೆ ಇಲ್ದ ತುಂಬ್ತಾರ ಅಂದ್ರ ಹೊಟ್ಟಿ ಉರಿಯೂದ.

ಆದ್ರ ಸರ್ ಅಲ್ಲಿಗೆ ಬಿಡ್ಲಿಲ್ಲ, ಅದ ಅವ್ರ ತಾಕತ್ತು. ಮುಂದ ಯಾರೋ ದುಡ್ಡಿನ ವಾದ ತಂದ್ರು, ಬ್ರಿಟನ್‌ನಾಗ ರಾಜಮನೆತನಕ್ಕ ಸರ್ಕಾರ ಕೊಡೋ ಸಾವರಿನ್ ಗ್ರ್ಯಾಂಟ್ 2024-25ರಾಗ 8.63 ಕೋಟಿ ಪೌಂಡ್ ಇದ್ದದ್ದು 2025-26ಕ್ಕ 13.21 ಕೋಟಿ ಪೌಂಡ್ ಆಗೈತಿ, ಇದೇನ್ ಹಗಲು ದರೋಡೆ ಅಂತ. ಸರ್ ನಕ್ರು. ರಾಷ್ಟ್ರಪತಿ ಭವನದಾಗ ಎಷ್ಟು ಕೋಣಿ ಅದಾವ ಅಂತ ಕೇಳಿದ್ರು, 340 ಅಂತ ಎಲ್ಲಾರಿಗೂ ಬಾಯಿಪಾಠ. ಅರಮನಿ ಖರ್ಚು ರಾಜನಿದ್ರೂ ಇರ್ತೈತಿ ಅಧ್ಯಕ್ಷ ಇದ್ರೂ ಇರ್ತೈತಿ, ದುಡ್ಡಿನ ಮ್ಯಾಲೆ ನಿಂತು ವಾದ ಮಾಡಿದ್ರ ಎದುರಿನೋರು ಕ್ಯಾಲ್ಕುಲೇಟರ್ ತಗೊಂಡು ಬರ್ತಾರ ಅಂದ್ರು. ನಂಗೂ ಸರಿ ಅನಿಸ್ತು.

ಆಮ್ಯಾಲೆ 'ಏನೂ ಮಾಡದ ರಾಜ' ಅನ್ನೋ ಮಸ್ಕಿ ಹುಡುಗನ ಪಾಯಿಂಟ್ ಹಿಡಕೊಂಡು ಎರಡು ಕೇಸ್ ಬರದ್ರು. ಒಂದು 1975ರ ನವೆಂಬರ್ 11, ಆಸ್ಟ್ರೇಲಿಯಾದಾಗ ಬ್ರಿಟನ್ ರಾಣಿ ಎರಡನೇ ಎಲಿಜಬೆತ್ ಪರವಾಗಿ ಕುಂತಿದ್ದ ಗವರ್ನರ್ ಜನರಲ್ ಜಾನ್ ಕೆರ್ ಆರಿಸಿ ಬಂದ ಪ್ರಧಾನಿ ಗಾಫ್ ವಿಟ್ಲಮ್ಮನ್ನ ಮನಿಗೆ ಕಳಿಸಿದ್ದು. ಇನ್ನೊಂದು 2019, ಬ್ರಿಟನ್‌ನಾಗ ಬ್ರೆಕ್ಸಿಟ್ (ಯುರೋಪ್ ಒಕ್ಕೂಟ ಬಿಡೋ) ಗದ್ದಲ ನಡದಾಗ ಪ್ರಧಾನಿ ಬೋರಿಸ್ ಜಾನ್ಸನ್ ಸಂಸತ್ತು ಬಂದ್ ಮಾಡ್ರಿ ಅಂತ ಸಲಹೆ ಕೊಟ್ಟಾಗ ರಾಣಿ ಹೂಂ ಅಂದದ್ದು, ಅದು ಕಾನೂನಿಗೆ ವಿರುದ್ಧ ಅಂತ ಸೆಪ್ಟೆಂಬರ್ 24ಕ್ಕ ಸುಪ್ರೀಂ ಕೋರ್ಟಿನ 11 ಜಡ್ಜುಗಳೂ ಒಂದ ದನಿಯಾಗ ಹೇಳಿದ್ದು. ಒಂದು ಕಡೆ ಆರಿಸಿ ಬರದೋನು ಆರಿಸಿ ಬಂದೋನನ್ನ ತಗದ, ಇನ್ನೊಂದು ಕಡೆ ಬ್ಯಾಡ ಅನ್ನಬೇಕಾದ ಹೊತ್ತಿನಾಗ ಬ್ಯಾಡ ಅನ್ನಾಕ ಬರ್ಲಿಲ್ಲ. ಈಗ ಹೇಳ್ರಿ ನಿಮ್ಮ ನ್ಯೂಟ್ರಲ್ ಅಂಪೈರ್ ಎಲ್ಲಿ ಅಂತ ಮಸ್ಕಿ ಹುಡುಗನ್ನ ಕೇಳಿದ್ರು. ಅವನೂ ಬಿಡೋ ಗಿರಾಕಿ ಅಲ್ಲ, "ಸರ್ ಎರಡನೇ ಕೇಸಿನಾಗ ಕೋರ್ಟ್ ಇತ್ತಲ್ರಿ, ಕೋರ್ಟ್ ಗಟ್ಟಿ ಇದ್ರ ಮ್ಯಾಲೆ ಯಾರ್ ಕುಂತ್ರ ಏನ್ರಿ" ಅಂದ. ಸರ್ ಅದನ್ನೂ ಬೋರ್ಡ್ ಮ್ಯಾಲೆ ಬರದ್ರು. ಹುಡುಗರು ಹೇಳಿದ್ದನ್ನ ಬೋರ್ಡ್ ಮ್ಯಾಲೆ ಬರಿಯೋ ಮೇಷ್ಟ್ರನ್ನ ನಾ ಕಂಡಿದ್ದು ಕಮ್ಮಿ.

ಅಸಲಿ ಮಜಾ ಆಮ್ಯಾಲೆ. ಕೈ ಎತ್ರಿ ಅಂದ್ರು, ರಾಜ ಬ್ಯಾಡ ಅನ್ನೋರು ಮುಕ್ಕಾಲು ಕ್ಲಾಸ್. ಸರಿ, ಈಗ ನೀವ ಗೆದ್ರಿ, ರಾಜ ಗಂಟುಮೂಟೆ ಕಟ್ಟಿದ, ನಾಳೆ ಬೆಳಿಗ್ಗೆ ಆ ಖುರ್ಚಿ ಮ್ಯಾಲೆ ಯಾರು, ಅವರನ್ನ ಆರಿಸೋರು ಯಾರು, ತಗಿಯೋದು ಹೆಂಗ, ಒಂದು ಹಾಳಿ ಮ್ಯಾಲೆ ಬರದು ಕೊಡ್ರಿ ಅಂದ್ರು. ಅಲ್ಲಿಗೆ ಶುರುವಾತು ನೋಡ್ರಿ ಜಗಳ. ಜನಾನ ನೇರ ಓಟು ಹಾಕಿ ಆರಿಸಬೇಕು ಅಂತ ಒಂದು ಗುಂಪು, ಹಂಗ ಮಾಡಿದ್ರ ಪ್ರಧಾನಿಗೂ ಅಧ್ಯಕ್ಷಗೂ ದಿನಾ ಕುಸ್ತಿ ಅಂತ ಇನ್ನೊಂದು ಗುಂಪು, ಸಂಸತ್ತು ಆರಿಸ್ಲಿ ಅಂದ್ರ ಮತ್ತ ಅದೇ ರಾಜಕಾರಣಿಗಳ ಕೈಗೆ ಕೊಟ್ಟಂಗಾತಲ್ಲ ಅಂತ ಮೂರನೇದು, ಗಂಗಾವತಿ ಕಡೆಯೋನೊಬ್ಬ ರಿಟೈರ್ಡ್ ಜಡ್ಜನ್ನ ಲಾಟರಿ ಎತ್ತಿ ಮಾಡ್ರಿ ಅಂದ. ಕೊನೀಗೆ ಸರ್ ತಮ್ಮದೊಂದು ಮಾಡೆಲ್ ಬೋರ್ಡ್ ಮ್ಯಾಲೆ ಇಟ್ರು, ಸಂಸತ್ತಿನ ಮೂರನೇ ಎರಡು ಭಾಗ ಒಪ್ಪಿದ ಅಧ್ಯಕ್ಷ, ಪ್ರಧಾನಿ ಚೀಟಿ ಬರದು ಕೊಟ್ರ ಅಧ್ಯಕ್ಷನ ಕೆಲಸ ಹೋತು, ಕೆಳಮನೆ 30 ದಿನದಾಗ ಒಪ್ಪಿಗಿ ಕೊಡಬೇಕು. ಮತ್ತ ಕೈ ಎತ್ರಿ ಅಂದ್ರ ಎದ್ದ ಕೈ ಅರ್ಧಕ್ಕಿಂತ ಕಮ್ಮಿ! ರಾಜ ಬ್ಯಾಡ ಅಂದಿದ್ದ ಹುಡುಗರ ಇದಕ್ಕಿಂತ ರಾಜನ ಇರ್ಲಿ ಬಿಡ್ರಿ ಅಂದ್ರು.

ಆವಾಗ ಹೇಳಿದ್ರು, ಈ ಮಾಡೆಲ್ ನಂದಲ್ಲಪ್ಪ, ಆಸ್ಟ್ರೇಲಿಯಾದ್ದು, 1999ರ ನವೆಂಬರ್ 6ಕ್ಕ ಇದನ್ನ ಜನರ ಮುಂದ ಇಟ್ಟಿದ್ರು ಅಂತ. ಅಲ್ಲಿ ಓಟು ಹಾಕೋದು ಕಡ್ಡಾಯ, ಸಂವಿಧಾನ ಬದಲಿಸಬೇಕಂದ್ರ ಇಡೀ ದೇಶದ ಬಹುಮತನೂ ಬೇಕು, ಆರು ರಾಜ್ಯದಾಗ ನಾಲ್ಕು ರಾಜ್ಯದ ಬಹುಮತನೂ ಬೇಕು. ಬಂದಿದ್ದು ಹೌದು ಅಂದೋರು ಶೇ 45, ಬ್ಯಾಡ ಅಂದೋರು ಶೇ 55ರ ಹತ್ರ, ಒಂದ ಒಂದು ರಾಜ್ಯನೂ ಹೌದು ಅನ್ಲಿಲ್ಲ. ರಾಣಿ ಮ್ಯಾಲಿನ ಪ್ರೀತಿಗೆ ಬ್ಯಾಡ ಅಂದೋರು ಇದ್ರು, ಅದರ ಜೊತಿಗೆ ನಮ್ಮ ಅಧ್ಯಕ್ಷನ್ನ ನಾವ ಆರಿಸ್ತೀವಿ, ರಾಜಕಾರಣಿಗಳು ಆರಿಸೋದು ಬ್ಯಾಡ ಅನ್ನೋ ಗಣರಾಜ್ಯದೋರೂ ಹೋಗಿ ಬ್ಯಾಡ ಅಂತ ಒತ್ತಿ ಬಂದ್ರು. ರಾಜಪ್ರಭುತ್ವದೋರು ಸುಮ್ಮನ ಕುಂತು ನೋಡಿದ್ರು ಅಂತಲ್ಲ, ಆದ್ರ ಅವರ ಕೆಲಸ ಅರ್ಧ ಇವ್ರ ಮಾಡಿಕೊಟ್ರು. ನಮ್ಮ ಕ್ಲಾಸ್‌ನಾಗ ಹತ್ತು ನಿಮಿಷದ ಹಿಂದ ಆಗಿದ್ದೂ ಅದೇ, ಅದಕ್ಕ ಒಬ್ಬರಿಗೂ ನೋಟ್ಸ್ ಬರ್ಕೊಳ್ರಿ ಅಂತ ಹೇಳೋ ಪ್ರಸಂಗ ಬರ್ಲಿಲ್ಲ.

ನನ್ನ ಸ್ವಂತ ಅಭಿಪ್ರಾಯ ಕೇಳಿದ್ರ (ರಿವ್ಯೂದಾಗ ಯಾರ್ ಕೇಳ್ತಾರ ಬಿಡ್ರಿ) ನಾ ಗಣರಾಜ್ಯದ ಕಡೆ, ಆದ್ರ ಕೈಯಾಗ ಆ ಒಂದು ಹಾಳಿ ಇಲ್ದ ರಾಜನ್ನ ತಗೀರಿ ತಗೀರಿ ಅಂತ ಘೋಷಣೆ ಕೂಗೋರ ಜೊತಿ ನಾ ಇಲ್ಲ. ಐರ್ಲೆಂಡ್‌ನೋರು ಅಧ್ಯಕ್ಷನ್ನ ನೇರ ಓಟಿನಾಗ ಆರಿಸ್ತಾರ, ಏಳು ವರ್ಷದ ಅವಧಿ, ಅಧಿಕಾರ ಕಮ್ಮಿ ಕೊಟ್ಟಾರ, ಕುಸ್ತಿ ಏನ್ ಆಗಿಲ್ಲ. ಅಂದ್ರ ನೇರ ಓಟು ಹಾಕಿದ್ರ ಗದ್ದಲ ಆಗೇ ಆಗ್ತೈತಿ ಅನ್ನೋದೂ ಸುಳ್ಳು. ಖುರ್ಚಿಗೆ ಏನ್ ಅಧಿಕಾರ ಅನ್ನೋದನ್ನ ಮೊದ್ಲ ಬರದು ಇಟ್ಟು ಆಮ್ಯಾಲೆ ಯಾರ್ ಆರಿಸಬೇಕು ಅನ್ನೋದಕ್ಕ ಹೋಗಬೇಕು, ಆಸ್ಟ್ರೇಲಿಯಾದೋರು ಎರಡನೇದರಾಗ ಸಿಕ್ಕಿಬಿದ್ರು.

ಕೆರಿಬಿಯನ್ ದ್ವೀಪ ಬಾರ್ಬಡೋಸ್ ಕಥಿ ಬ್ಯಾರೆ. ಅವ್ರು ಜನಮತಕ್ಕ ಹೋಗ್ಲೇ ಇಲ್ಲ, ಸಂಸತ್ತಿನಾಗ ತಿದ್ದುಪಡಿ ಮಾಡಿ, ಗವರ್ನರ್ ಜನರಲ್ ಆಗಿದ್ದ ಸ್ಯಾಂಡ್ರಾ ಮೇಸನ್ ಅವರನ್ನ ಅಧ್ಯಕ್ಷೆ ಅಂತ ಆರಿಸಿ, 2021ರ ನವೆಂಬರ್ 30ಕ್ಕ ಗಣರಾಜ್ಯ ಆಗೇಬಿಟ್ರು, ಆ ಕಾರ್ಯಕ್ರಮಕ್ಕ ಆಗ ಯುವರಾಜ ಆಗಿದ್ದ ಚಾರ್ಲ್ಸ್ ಅತಿಥಿಯಾಗಿ ಬಂದಿದ್ದ. ಬೋರ್ಡ್ ಬದ್ಲಾತು, ಆಫೀಸ್ ಅದೇ, ಕುಂತೋರೂ ಅವ್ರ. ಪಕ್ಕದ ಸೇಂಟ್ ವಿನ್ಸೆಂಟ್‌ನೋರು 2009ರಾಗ ರಾಣಿನ್ನ ತಗಿಯೋ ಇಡೀ ಹೊಸ ಸಂವಿಧಾನನ ಜನರ ಮುಂದ ಇಟ್ಟು ಸೋತಿದ್ರು. ಜನರನ್ನ ಕೇಳಿದೋರು ಸೋತ್ರು, ಕೇಳದೋರು ಗೆದ್ರು, ಪ್ರಜಾಪ್ರಭುತ್ವದ ಹೆಸರಿನಾಗ ಇದೆಂಥಾ ಲೆಕ್ಕ ಅಂತ ಕಂಪ್ಲಿ ಹುಡುಗಿ ಕೇಳಿದ್ಲು, ಸರ್ ಉತ್ತರ ಕೊಡ್ಲಿಲ್ಲ, ಪ್ರಬಂಧ ಬರಕೊಂಡು ಬಾರಮ್ಮ ಅಂದ್ರು. ಕೆನಡಾ ಕಥಿನ ಸರ್ ಒಂದ ಸಾಲಿನಾಗ ಮುಗಿಸಿದ್ರು, ಅಲ್ಲಿ ಹತ್ತೂ ಪ್ರಾಂತ್ಯ ಒಪ್ಪಬೇಕು, ಆಗೋ ಮಾತಲ್ಲ.

ನೇಪಾಳಕ್ಕ ಬಂದಾಗ ಮಾತು ಸ್ವಲ್ಪ ಬಿಸಿ ಆತು. 2005ರಾಗ ರಾಜ ಜ್ಞಾನೇಂದ್ರ ಅಧಿಕಾರ ಪೂರ್ತಿ ತನ್ನ ಕೈಗೆ ತಗೊಂಡ, 2008ರ ಮೇ 28ಕ್ಕ ಸಂವಿಧಾನ ಸಭೆಯಾಗ 560 ಓಟು ರಾಜ ಬ್ಯಾಡ ಅಂತ ಬಿದ್ವು, ರಾಜನ ಕಡೆ ಬರೇ 4, ಅಲ್ಲಿಗೆ ಸುಮಾರು 240 ವರ್ಷದ ಶಾ ವಂಶ ಮುಗೀತು. ಈಗ ನಾರಾಯಣಹಿಟಿ ಅರಮನಿ ಮ್ಯೂಸಿಯಂ. ಆದ್ರ 2008ರಿಂದ ಒಬ್ಬ ಪ್ರಧಾನಿನೂ ಐದು ವರ್ಷ ಪೂರಾ ಕುಂತಿಲ್ಲ, 2025ರ ಮಾರ್ಚ್‌ನಾಗ ರಾಜ ವಾಪಸ್ ಬರ್ಲಿ ಅಂತ ಕಠ್ಮಂಡುದಾಗ ಮಂದಿ ಬೀದಿಗಿಳಿದ್ರು, ಗಲಾಟೆಯಾಗ ಜೀವನೂ ಹೋದ್ವು. ನೋಡ್ರಿ ನಾ ಹೇಳ್ಲಿಲ್ಲೇನು ಅಂತ ಮಸ್ಕಿ ಹುಡುಗ ಎದ್ದ. ನಂಗ ಇದು ಅರ್ಧ ವಾದ ಅನಿಸ್ತೈತಿ, ಪ್ರಧಾನಿಗಳು ಸರಿಯಿಲ್ಲ ಅಂದ್ರ ಪ್ರಧಾನಿಗಳನ್ನ ಬೈರಿ, ಮ್ಯಾಲಿನ ಖುರ್ಚಿ ಯಾರಿಗೆ ಅನ್ನೋದು ಬ್ಯಾರೆ ಲೆಕ್ಕ. ನೇಪಾಳ ರಾಜನ್ನ ತಗದ ಅದೇ 2008ರಾಗ ಭೂತಾನ್ ಸಂವಿಧಾನ ಮಾಡ್ಕೊಂಡು ರಾಜನ್ನ ಉಳಿಸ್ಕೊಂತು, ಅದೂ ರಾಜಂಗ 65ಕ್ಕ ರಿಟೈರ್ಮೆಂಟ್ ಇಟ್ಟು. ನಮ್ಮ ಎಂಎಲ್‌ಎಗಳಿಗೂ ಅದೊಂದು ಇಡ್ರಿ ಅಂತ ಯಾರೋ ಅಂದ್ರು, ಎಲ್ಲಾರೂ ನಕ್ಕರು.

ಕೊನೀ ಅರ್ಧ ತಾಸು ನಮ್ಮ ಕಡೆಗೆ ತಿರುಗಿಸಿದ್ರು, ನಂಗ ಭಾರಿ ಹಿಡಿಸಿದ್ದು ಇದು. ನಮ್ಮ ದೇಶಕ್ಕ ರಾಜ ಹೋದದ್ದು ಯಾವಾಗ ಅಂದ್ರ ಕ್ಲಾಸೆಲ್ಲಾ 1947 ಅಂತು. ಅಲ್ಲ, 1950ರ ಜನವರಿ 26. ನಡುವಿನ ಎರಡೂವರೆ ವರ್ಷ ಆರನೇ ಜಾರ್ಜ್ ನಮಗೂ ರಾಜ, ಮೊದ್ಲ ಮೌಂಟ್‌ಬ್ಯಾಟನ್, 1948ರ ಜೂನ್‌ನಿಂದ ರಾಜಾಜಿ ಅವನ ಹೆಸರಿನಾಗ ಗವರ್ನರ್ ಜನರಲ್. ಅಂದ್ರ ಆಸ್ಟ್ರೇಲಿಯಾದೋರು ಇನ್ನೂ ಜಗ್ಗಾಡಾಕತ್ತಿರೋ ಕೆಲಸಾನ ನಾವು ಎಪ್ಪತ್ತೈದು ವರ್ಷದ ಹಿಂದ ಮುಗಿಸಿ ಕೈ ತೊಳಕೊಂಡೀವಿ, ಅದೂ ಕಾಮನ್‌ವೆಲ್ತ್ (ಬ್ರಿಟನ್ ಮತ್ತ ಅದರ ಹಳೇ ವಸಾಹತುಗಳ ಕೂಟ) ಬಿಡದಂಗ, 1949ರ ಏಪ್ರಿಲ್‌ನಾಗ ಲಂಡನ್‌ನಾಗ ಒಪ್ಪಂದ ಮಾಡ್ಕೊಂಡು. ಆ ಮೂರು ಪ್ರಶ್ನೆಗೂ ಸಂವಿಧಾನದಾಗ ಉತ್ತರ ಬರದು ಇಟ್ಟಾರ, ರಾಷ್ಟ್ರಪತಿನ್ನ ಆರಿಸೋರು ಆರಿಸಿ ಬಂದ ಸಂಸದರು ಮತ್ತ ಎಂಎಲ್‌ಎಗಳು, ಆ ಚುನಾವಣೆಯಾಗ ಕರ್ನಾಟಕದ ಒಬ್ಬ ಎಂಎಲ್‌ಎ ಓಟು 131 ಓಟಿಗೆ ಸಮ, ತಗಿಯಾಕ 61ನೇ ವಿಧಿ, ಎರಡೂ ಸದನದಾಗ ಬ್ಯಾರೆ ಬ್ಯಾರೆಯಾಗಿ ಒಟ್ಟು ಸದಸ್ಯರ ಮೂರನೇ ಎರಡು ಭಾಗ ಬೇಕು, ಪ್ರಧಾನಿ ಚೀಟಿಗೆಲ್ಲಾ ಕೆಲಸ ಹೋಗಲ್ಲ.

ಇನ್ನ ನಮ್ಮ ಮೂರು ಜಿಲ್ಲೆ ಕಥಿ. ರಾಯಚೂರು, ಕೊಪ್ಪಳ ಹೈದರಾಬಾದ್ ಸಂಸ್ಥಾನದಾಗ ಇದ್ವು, 1948ರ ಸೆಪ್ಟೆಂಬರ್ 17ಕ್ಕ ನಿಜಾಮ ಶರಣಾದ, ಅದು ಎಲ್ಲಾರಿಗೂ ಗೊತ್ತು, ವರ್ಷಾ ಧ್ವಜ ಹಾರಿಸ್ತೀವಿ. ಆದ್ರ 1950ರಿಂದ 1956ರ ತನಕ ಅದೇ ನಿಜಾಮ ರಾಜಪ್ರಮುಖ ಅಂತ ಹೈದರಾಬಾದ್ ರಾಜ್ಯದ ಮ್ಯಾಲೆ ಕುಂತಿದ್ದ, ಮಂತ್ರಿಗಳು ಹೇಳಿದ್ದಕ್ಕ ಸಹಿ ಹಾಕೋ ರಾಜ, ಥೇಟ್ ಇಂಗ್ಲೆಂಡ್ ಮಾದರಿ, ಅದೂ ಗಣರಾಜ್ಯದ ಒಳಗ. ಬಳ್ಳಾರಿದು ಇನ್ನೂ ತಮಾಷೆ, ಮದ್ರಾಸ್ ಪ್ರೆಸಿಡೆನ್ಸಿಯಾಗ ಇದ್ದೋರು ನಾವು, 1953ರ ಅಕ್ಟೋಬರ್ 1ಕ್ಕ ಮೈಸೂರು ರಾಜ್ಯಕ್ಕ ಸೇರಿದ್ವಿ, ಅಲ್ಲಿ ರಾಜಪ್ರಮುಖ ಯಾರು? ಜಯಚಾಮರಾಜ ಒಡೆಯರ್. ದೇಶ ಗಣರಾಜ್ಯ ಆಗಿ ಮೂರು ವರ್ಷ ಕಳದಮ್ಯಾಲೆ ಬಳ್ಳಾರಿಗೆ ಮಹಾರಾಜ್ರು ಸಿಕ್ರು! ನಮ್ಮ ಜಿಲ್ಲೆಯಾಗ ಸಂಡೂರಿಗೆ ಮಾತ್ರ ಸ್ವಂತ ರಾಜ ಇದ್ದ, 1949ರಾಗ ಅದು ವಿಲೀನ ಆತು, ಅದೇ ಮನೆತನದ ಎಂ.ವೈ. ಘೋರ್ಪಡೆ ಆಮ್ಯಾಲೆ ಚುನಾವಣೆಗೆ ನಿಂತು ಗೆದ್ದು ದೇವರಾಜ ಅರಸು ಸರ್ಕಾರದಾಗ ಹಣಕಾಸು ಮಂತ್ರಿ ಆದ್ರು. ಹಳೇ ರಾಜರಿಗೆ ಸರ್ಕಾರ ಕೊಡ್ತಿದ್ದ ರಾಜಧನ 1971ರ 26ನೇ ತಿದ್ದುಪಡಿಯಾಗ ಹೋತು, ಮೈಸೂರಿಗೆ ವರ್ಷಕ್ಕ 26 ಲಕ್ಷ ಇತ್ತಂತ. ಪಟ್ಟ ಹೋದ್ರೂ ಹೆಸರು ಹೋಗಲ್ಲ ಬಿಡ್ರಿ, ಕಾಗದದಾಗ ಗಡಗಿ ಚನ್ನಪ್ಪ ಸರ್ಕಲ್, ಆಟೋದೋರಿಗೆ ಇವತ್ತಿಗೂ ರಾಯಲ್ ಸರ್ಕಲ್.

ಇಷ್ಟೆಲ್ಲಾ ಒಂದ ಮಧ್ಯಾಹ್ನದಾಗ, ಒಂದೂ ಸ್ಲೈಡ್ ಇಲ್ದ, ಸೀಮೆಸುಣ್ಣದಾಗ. ಅದಕ್ಕ ನಾಲ್ಕು ಸ್ಟಾರ್.

ಈಗ ಬೈಗಳ. ಟೆಸ್ಟ್ ಸೀರೀಸ್‌ಗೆ ಒಂದು ಆ್ಯಪ್ ಕೊಟ್ಟಾರ, ಫೀಸಿನಾಗ ಅದಕ್ಕೂ ಸೇರಿಸಿ ತಗೊಂಡಾರ, ಟೈಮರ್ ಓಡ್ತಿರ್ತೈತಿ ಪ್ರಶ್ನೆ ಲೋಡ್ ಆಗಲ್ಲ, ಸಬ್ಮಿಟ್ ಒತ್ತಿದ್ರ ವಾಪಸ್ ಲಾಗಿನ್ ಕೇಳ್ತೈತಿ, ಆಫೀಸಿನಾಗ ಹೇಳಿದ್ರ ನಿಮ್ಮ ಮೊಬೈಲ್ ಹಳೇದು ಅಂತಾರ. ಕೀ ಉತ್ತರದಾಗ ರಾಜ್ಯಪಾಲರನ್ನ ನೇಮಿಸೋರು ಮುಖ್ಯಮಂತ್ರಿ ಅಂತ ಇತ್ತು ಒಂದ್ಸಲ, ಇದೇ ಸೆಂಟರ್‌ನ ಪಾಲಿಟಿ ಸರ್ ನೋಡಿದ್ರ ಎದಿ ಒಡಕೊಂತಾರ. ಮೆಂಟಲ್ ಎಬಿಲಿಟಿಗೆ ಬರೋರು ವಾರಕ್ಕೊಬ್ರು ಹೊಸಬ್ರು, ಒಬ್ರು ಬಿಟ್ಟಲ್ಲಿಂದ ಇನ್ನೊಬ್ರು ಶುರು ಮಾಡಲ್ಲ, ರೈಲಿನ ಲೆಕ್ಕದಾಗ ನಮ್ಮ ರೈಲು ಪ್ಲಾಟ್‌ಫಾರ್ಮ್ ಬಿಟ್ಟೇ ಇಲ್ಲ. ಹುಡುಗ್ಯಾರಿಗೆ ಒಂದ ಟಾಯ್ಲೆಟ್, ಅದರ ಕೀ ಆಫೀಸಿನಾಗ, ಆಫೀಸ್ ಊಟದ ಹೊತ್ತಿಗೆ ಬಂದ್, ಇದನ್ನ ಮೊದ್ಲ ಸರಿ ಮಾಡ್ರಿ ಸ್ವಾಮಿ, ಆ್ಯಪ್ ಆಮ್ಯಾಲೆ ನೋಡೋಣಂತ.

ಫೀಸ್ ಕಂತಿನಾಗ ಕಟ್ಟಾಕ ಬಿಡ್ತಾರ, ಕೇಳಬೇಕು ಅಷ್ಟ, ತಾವಾಗಿ ಹೇಳಲ್ಲ. ರೀಡಿಂಗ್ ರೂಮು ರಾತ್ರಿ ಹತ್ತರ ತನಕ ತೆಗೆದಿರ್ತೈತಿ, ಕಿಟಕಿ ಪಕ್ಕದ ಸೀಟಿಗೆ ಬೆಳಿಗ್ಗೆ ಬಂದು ಟವಲ್ ಹಾಕಬೇಕು. ಶನಿವಾರದ ಕ್ಲಾಸಿಗೆ ಸೇರೋಕಿಂತ ಮುಂಚೆನ ಡೆಮೋ ಕುಂದ್ರಾಕ ಬಿಡ್ತಾರ, ದುಡ್ಡಿಲ್ಲ, ಬರೋ ವಾರದ ವಿಷಯ ರಾಜ್ಯಪಾಲರ ಹುದ್ದೆ ಬೇಕೋ ಬ್ಯಾಡೋ ಅಂತ ನೋಟಿಸ್ ಬೋರ್ಡ್ ಮ್ಯಾಲೆ ಹಚ್ಚ್ಯಾರ, ಮಸ್ಕಿ ಹುಡುಗ ಈಗ್ಲೇ ಲೈಬ್ರರಿಯಾಗ ಕುಂತಾನ. ಬೈಕ್ ಮೆಡಿಕಲ್ ಶಾಪ್ ಮುಂದ ನಿಲ್ಲಸಬ್ಯಾಡ್ರಿ, ಗಾಳಿ ತಗೀತಾರ.